ಡೇನರ ನಾಡಿನಲ್ಲಿ ನೆನೆದ ಪ್ರಸಾದನಿಲಯ

ಪೂಜ್ಯ ಶ್ರೀಗಳವರ ಕೃಪಾಶೀರ್ವಾದದಿಂದ ನಡೆದುಬರುತ್ತಿರುವ ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ, ಹಳೆಯ ವಿದ್ಯಾರ್ಥಿಯೊಬ್ಬನಾಗಿ, ಡೆನ್ಮಾರ್ಕ್ ದೇಶದಲ್ಲಿ ನಾನು ಕಳೆದ ಎರಡು ವರ್ಷಗಳ ವ್ಯಾಸಂಗದ ಅನುಭವವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದರು. ಕಂಡ ಊರುಗಳ ಪಟ್ಟಿಯನ್ನೂ ಅಲ್ಲಿನ ಮಂಜಿನ ವರ್ಣನೆಯನ್ನೂ ಬರೆದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಕಳೆದ ವರ್ಷದ ಪೋಷಕರ ಸಭೆಯಲ್ಲಿ ಕೇಳಿಬಂದ ಒಂದು ಸಲಹೆ ನನ್ನ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿರುವುದರಿಂದ, ಈ ಲೇಖನವನ್ನು ಅದಕ್ಕೆ ಉತ್ತರರೂಪವಾಗಿ ಬರೆಯುವ ಸ್ವಾತಂತ್ರ್ಯವನ್ನು ವಹಿಸಿದ್ದೇನೆ.

ಆ ಸಲಹೆ ಇಷ್ಟೆ: ನಮ್ಮ ಪ್ರಸಾದನಿಲಯದ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಪಂಕ್ತಿಯಲ್ಲಿ ಬಡಿಸುವ, ಎಡೆ ಎತ್ತುವ, ಪಾತ್ರೆ ಬೆಳಗುವ ಸರದಿಯಿಂದ ಬಿಡುಗಡೆ ಮಾಡಬೇಕು, ಆ ಹೊತ್ತನ್ನು ಅವರು ಓದಿಗೆ ಬಳಸಿಕೊಳ್ಳಲಿ. ಸಭೆಯಲ್ಲಿ ಬಹುಮಂದಿ ತಲೆದೂಗಿದರು. ಒಬ್ಬ ತಾಯಿಯವರು, “ನನ್ನ ಮಗ ಪಾತ್ರೆ ತಿಕ್ಕಲಿಕ್ಕೆ ಇಲ್ಲಿಗೆ ಬಂದಿಲ್ಲ, ಸ್ವಾಮಿ” ಎಂದರು. ಆ ಮಾತಿನಲ್ಲಿ ಅಹಂಕಾರವಿರಲಿಲ್ಲ. ಹೊಟ್ಟೆಬಟ್ಟೆ ಕಟ್ಟಿ ಮಗನನ್ನು ಓದಿಸುತ್ತಿರುವ ತಾಯಿಯ ಸಂಕಟವಿತ್ತು. ಆದುದರಿಂದಲೇ ಅದಕ್ಕೆ ಉತ್ತರ ಹೇಳುವುದು ಕಷ್ಟ. ಹೇಳಲೇಬೇಕಾದುದೂ ಅಷ್ಟೇ ನಿಜ.

ನಾನು ಈ ನಿಲಯಕ್ಕೆ ಬಂದಾಗ ನನಗೆ ಹನ್ನೊಂದು ವರ್ಷ. ರಾಜಾಜಿನಗರದ ಕಾರ್ಖಾನೆಗಳ ಸೈರನ್ನು, ಮುಂಜಾನೆಯ ಪ್ರಾರ್ಥನೆಯ ಗಂಟೆ, ಇವೆರಡರ ನಡುವೆ ನಮ್ಮ ದಿನ ಆರಂಭವಾಗುತ್ತಿತ್ತು. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ಬಡಿಸುವ ಸರದಿಯನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ. ಕುದಿಯುವ ಸಾರಿನ ಬಕೆಟ್ಟು ಕಾಲಿಗೆ ತಗುಲುತ್ತಿತ್ತು. ಎಲ್ಲರೂ ಉಂಡು ಎದ್ದ ಮೇಲೆ ನಮಗೆ ಊಟ. ಈ ಸರದಿಯ ಅರ್ಥ ನನಗೆ ತಿಳಿದದ್ದು ಹದಿನಾಲ್ಕು ವರ್ಷಗಳ ಅನಂತರ, ಏಳು ಸಾವಿರ ಕಿಲೋಮೀಟರಿಗೂ ದೂರದ ಒಂದು ಅಡಿಗೆಮನೆಯಲ್ಲಿ. ಆ ಕಥೆಗೆ ಮುನ್ನ, ನಮ್ಮ ಮಕ್ಕಳು ಹೋಗಬಯಸುವ ಆ ದೇಶದ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳುವುದು ಉಚಿತ.

ಇಂದು ವಿಜಯನಗರದಿಂದ ಬಸವೇಶ್ವರನಗರದವರೆಗೆ ಹೋಗುವ ದಾರಿಯಲ್ಲಿ ಕಣ್ಣು ಹಾಯಿಸಿದರೆ ವಿದೇಶ ವ್ಯಾಸಂಗದ ಸಲಹೆಗಾರರ ಫಲಕಗಳು ಅಲ್ಲಲ್ಲಿ ಕಾಣುತ್ತವೆ. ನಿವೇಶನವನ್ನು ಮಾರಿ, ಹೊಲವನ್ನು ಅಡವಿಟ್ಟು ಮಕ್ಕಳನ್ನು ಕಳಿಸುವವರು ನಮ್ಮಲ್ಲಿಯೇ ಇದ್ದಾರೆ. ನನ್ನ ತಂದೆಯವರೂ ಎರಡು ಎಕರೆಯ ಮೇಲೆ ಸಾಲ ತೆಗೆದರು. ದೂರದ ಬೆಟ್ಟ ನುಣ್ಣಗೆ. ಡೆನ್ಮಾರ್ಕಿನಲ್ಲಿ ವಿಶ್ವವಿದ್ಯಾನಿಲಯದ ಶಿಕ್ಷಣ ಉಚಿತವೆಂಬ ಮಾತು ಆ ದೇಶದವರಿಗೂ ಯೂರೋಪ್ ಒಕ್ಕೂಟದ ನಾಗರಿಕರಿಗೂ ಅನ್ವಯಿಸುತ್ತದೆ. ಡೇನಿಷ್ ವಿದ್ಯಾರ್ಥಿಗೆ ಶುಲ್ಕವಿಲ್ಲ, ಮಿಗಿಲಾಗಿ ತಿಂಗಳು ತಿಂಗಳೂ ಸರ್ಕಾರದ ಸಹಾಯಧನ ದೊರೆಯುತ್ತದೆ. ಭಾರತದಿಂದ ಹೋದವನು 2006ರಿಂದ ಪೂರ್ಣ ಶುಲ್ಕವನ್ನು ತೆರಬೇಕಾಗಿದೆ. ದುಡಿದು ಸಾಲ ತೀರಿಸೋಣವೆಂದರೆ ತಿಂಗಳಿಗೆ 90 ಗಂಟೆಗಳ ಮಿತಿಯುಂಟು. ಬೇಸಗೆಯ ಮೂರು ತಿಂಗಳು ಮಾತ್ರ ಪೂರ್ಣಾವಧಿ ದುಡಿಯಬಹುದು. ಪಾಠವೇನೋ ಇಂಗ್ಲಿಷಿನಲ್ಲಿ ನಡೆಯಬಹುದು, ಆದರೆ ಅಂಗಡಿಯ ಕೆಲಸಕ್ಕೆ ಡೇನಿಷ್ ಬೇಕು. ಆ ಭಾಷೆಯಲ್ಲಿ ಅರವತ್ತೆಂದರೆ ಮೂರು ಇಪ್ಪತ್ತು. ಐವತ್ತೆಂದರೆ ಎರಡೂವರೆ ಇಪ್ಪತ್ತು. ಲೆಕ್ಕದಲ್ಲಿ ನೂರಕ್ಕೆ ನೂರು ಪಡೆದಿದ್ದ ನಾನು ಚಿಲ್ಲರೆ ಎಣಿಸಲಾರದೆ ತಲೆತಗ್ಗಿಸಿ ನಿಂತದ್ದುಂಟು.

ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ಸೂರ್ಯ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಮೇಲೇಳುತ್ತಾನೆ, ಮಧ್ಯಾಹ್ನ ನಾಲ್ಕು ಗಂಟೆಯಾಗುವ ಮುಂಚೆಯೇ ಮುಳುಗುತ್ತಾನೆ. ಆ ಕತ್ತಲೆಯಲ್ಲಿ ಒಬ್ಬಂಟಿಯಾಗಿ ಕೋಣೆಯಲ್ಲಿ ಕುಳಿತ ಹುಡುಗನಿಗೆ ಅವನ ಅಂಕಪಟ್ಟಿ ಒಂದಿಷ್ಟೂ ನೆರವಾಗಲಾರದು. ಅನ್ನ ಬೇಯಿಸಲು ಬಾರದೆ, ಬಟ್ಟೆ ಒಗೆಯಲು ಬಾರದೆ, ಮನೆಗೆ ದೂರವಾಣಿ ಮಾಡಿ ಅಳುತ್ತಿದ್ದ ಬುದ್ಧಿವಂತ ತರುಣರನ್ನು ನಾನು ಕಂಡಿದ್ದೇನೆ. ಇದು ಯಾರನ್ನೂ ಹೆದರಿಸುವುದಕ್ಕಾಗಿ ಬರೆದ ಮಾತಲ್ಲ. ಸಲಹೆಗಾರರ ಫಲಕದಲ್ಲಿ ಬರೆಯದೆ ಬಿಟ್ಟ ಮಾತು.

ಇನ್ನು ತರಗತಿಯ ವಿಚಾರ. ಅಲ್ಲಿ ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುತ್ತಾರೆ. ನರೆತ ಕೂದಲಿನ ಹಿರಿಯರನ್ನು ಇಪ್ಪತ್ತರ ಹುಡುಗಿ ಏಕವಚನದಲ್ಲಿ ಮಾತನಾಡಿಸುವುದನ್ನು ಮೊದಲ ದಿನ ಕೇಳಿ ನನ್ನ ಕಿವಿ ಬಿಸಿಯಾಯಿತು. ಗುರುಗಳು ಎದುರಾದರೆ ಕೈಮುಗಿದು ಪಕ್ಕಕ್ಕೆ ಸರಿಯುವ ಸಂಸ್ಕಾರದಲ್ಲಿ ಬೆಳೆದವನು ನಾನು. ಎರಡು ವರ್ಷವೂ ಆ ಹಿರಿಯರನ್ನು “ಸರ್” ಎಂದೇ ಕರೆದೆ, ಅವರು ನಗುತ್ತಿದ್ದರು. ಆದರೆ ಕ್ರಮೇಣ ಒಂದು ಸಂಗತಿ ಕಂಡುಬಂದಿತು. ವಿದ್ಯಾರ್ಥಿ ತಪ್ಪು ಹೇಳಿದರೆ ಅವರು ಗದರಿಸುತ್ತಿರಲಿಲ್ಲ, “ಹಾಗೇಕೆ ಎಣಿಸಿದೆ?” ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದರು. ಕೈಮುಗಿಯುವ ನಾವು ಪ್ರಶ್ನೆ ಕೇಳಲು ಅಂಜುತ್ತೇವೆ. ಹೆಸರು ಹಿಡಿದು ಕರೆಯುವ ಅವರು ಅಂಜದೆ ಕೇಳುತ್ತಾರೆ. ಗೌರವವನ್ನು ಉಳಿಸಿಕೊಂಡೇ ಅಂಜಿಕೆಯನ್ನು ಬಿಡುವ ಮಾರ್ಗ ನಮಗೆ ಬೇಕಾಗಿದೆ. ಹನ್ನೆರಡನೆಯ ಶತಮಾನದ ಅನುಭವಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಹಿರಿಯರೆದುರು ನಿಂತು ಪ್ರಶ್ನೆ ಹಾಕಿದ ಪರಂಪರೆ ನಮ್ಮದೇ ಆಗಿರುವಾಗ ಇದಕ್ಕಾಗಿ ಡೆನ್ಮಾರ್ಕಿಗೆ ಹೋಗಬೇಕಾಗಿಯೂ ಇಲ್ಲ.

ಪರೀಕ್ಷೆಗಳಲ್ಲಿ ಅನೇಕವು ಮೌಖಿಕ. ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಲ್ಲಿ ಒಂದನ್ನು ವಿದ್ಯಾರ್ಥಿ ಎತ್ತುತ್ತಾನೆ. ಆ ವಿಷಯವನ್ನು ಕುರಿತು ತನ್ನ ಅಧ್ಯಾಪಕರ ಎದುರಿನಲ್ಲಿ, ಹೊರಗಿನಿಂದ ಬಂದ ಇನ್ನೊಬ್ಬ ಪರೀಕ್ಷಕರ ಸಮಕ್ಷಮದಲ್ಲಿ ಮಾತನಾಡಬೇಕು. ಉರುಹೊಡೆದದ್ದು ಮೊದಲ ಐದು ನಿಮಿಷಗಳಲ್ಲಿ ಮುಗಿದುಹೋಗುತ್ತದೆ; ಉಳಿದ ಹೊತ್ತು ತಿಳಿದದ್ದೆಷ್ಟೋ ಅಷ್ಟೇ ಗತಿ. ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಶಾಲೆಯಲ್ಲಿ ಅಂಕಗಳನ್ನೇ ಕೊಡುವುದಿಲ್ಲವೆಂಬುದನ್ನು ಕೇಳಿ ನಾನು ಬೆರಗಾದೆ. ನಮ್ಮಲ್ಲಿ ಶಿಶುವಿಹಾರದ ಕೂಸಿಗೂ ದರ್ಜೆಯುಂಟಷ್ಟೆ!

ಆ ಜನರ ಸಂಪ್ರದಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಜೂನ್ ತಿಂಗಳ ಕೊನೆಯ ವಿದ್ಯಾರ್ಥಿ ಉತ್ಸವ. ನಮ್ಮ ಪದವಿಪೂರ್ವ ಶಿಕ್ಷಣಕ್ಕೆ ಸಮನಾದ ವ್ಯಾಸಂಗ ಮುಗಿದ ದಿನ ಪ್ರತಿಯೊಬ್ಬನಿಗೂ ಒಂದು ಬಿಳಿಯ ಟೋಪಿಯನ್ನು ತೊಡಿಸುತ್ತಾರೆ. ಓದಿದ ಶಿಕ್ಷಣದ ಬಗೆಗೆ ತಕ್ಕಂತೆ ಟೋಪಿಯ ಪಟ್ಟಿಯ ಬಣ್ಣ ಬೇರೆ. ಅನಂತರ ಇಡೀ ತರಗತಿ ಹಸುರು ಕೊಂಬೆಗಳಿಂದ ಅಲಂಕರಿಸಿದ ಲಾರಿಯನ್ನೇರಿ, ತರಗತಿಯ ಪ್ರತಿಯೊಬ್ಬ ಸಹಪಾಠಿಯ ಮನೆಗೂ ಹೋಗುತ್ತದೆ. ವೈದ್ಯರ ಮನೆಯೇ ಇರಲಿ, ಕೂಲಿಯ ಮನೆಯೇ ಇರಲಿ, ಯಾವ ಮನೆಯನ್ನೂ ಬಿಡುವಂತಿಲ್ಲ. ಪ್ರತಿ ಮನೆಯಲ್ಲಿಯೂ ತಂದೆತಾಯಿಗಳು ಬಾಗಿಲಲ್ಲಿ ನಿಂತು ಬರಮಾಡಿಕೊಂಡು ಉಪಚರಿಸುತ್ತಾರೆ. ಈ ಸಂಭ್ರಮದಲ್ಲಿ ಮದ್ಯಪಾನದ ಹಾವಳಿ ವಿಶೇಷವೆಂಬುದನ್ನು ಮುಚ್ಚಿಡಲಾರೆ. ಎಳೆಯರ ಕುಡಿತ ಆ ಸಮಾಜದ ಒಂದು ಕುಂದು. ಆದರೂ ಪದವಿ ಯಾರೊಬ್ಬನ ಸ್ವತ್ತೂ ಅಲ್ಲ, ಇಡೀ ತರಗತಿಯ ಪ್ರಾಪ್ತಿ ಎಂಬ ಭಾವನೆ ಆ ಲಾರಿಯ ಮೇಲೆ ಮೆರೆಯುತ್ತದೆ. ನಮ್ಮಲ್ಲಿ ಫಲಿತಾಂಶದ ದಿನ ಒಬ್ಬನ ಭಾವಚಿತ್ರ ಪತ್ರಿಕೆಯಲ್ಲಿ. ಉಳಿದವರ ಮುಖ ಗೋಡೆಯ ಕಡೆಗೆ.

ಜೂನ್ 23ರ ಸಂಜೆ ಕಡಲ ದಂಡೆಯಲ್ಲಿ ಬೆಂಕಿ ಹೊತ್ತಿಸಿ, ಹುಲ್ಲಿನಿಂದ ಮಾಡಿದ ಮಾಟಗಾತಿಯ ಬೊಂಬೆಯನ್ನು ಸುಟ್ಟು, ಎಲ್ಲರೂ ಸುತ್ತ ನಿಂತು ಹಾಡುವುದನ್ನು ಕಂಡಾಗ ನಮ್ಮ ಊರಿನ ಕಾಮದಹನ ಕಣ್ಣಮುಂದೆ ಬಂದಿತು. ಇಪ್ಪತ್ತೈದು ತುಂಬಿಯೂ ಮದುವೆಯಾಗದವನ ಮೇಲೆ ಗೆಳೆಯರು ದಾಲ್ಚಿನ್ನಿ ಪುಡಿಯನ್ನು ಎರಚುವ ವಾಡಿಕೆಯುಂಟು. ನನಗೂ ಆ ಅಭ್ಯಂಜನವಾಯಿತು. ಹುಟ್ಟಿದ ಹಬ್ಬದ ದಿನ ಮೇಜಿನ ಮೇಲೆ ಪುಟ್ಟ ರಾಷ್ಟ್ರಧ್ವಜವನ್ನಿಡುತ್ತಾರೆ. ಹುಟ್ಟುಹಬ್ಬದವನೇ ಸಹಪಾಠಿಗಳಿಗೆ ತಿಂಡಿ ತರಬೇಕು. ಕ್ರಿಸ್ತಜಯಂತಿಯ ಮುನ್ನಾದಿನ ಮನೆಮಂದಿಯೆಲ್ಲ ಕೈಕೈ ಹಿಡಿದು ದೀಪದ ಮರದ ಸುತ್ತ ಹಾಡುತ್ತ ಸುತ್ತುತ್ತಾರೆ. ಅಂದಿನ ಅನ್ನದ ಪಾಯಸದಲ್ಲಿ ಒಂದೇ ಒಂದು ಇಡಿಯ ಬಾದಾಮಿಯನ್ನು ಬಚ್ಚಿಟ್ಟಿರುತ್ತಾರೆ. ಯಾರ ಬಟ್ಟಲಿಗೆ ಅದು ಬಂದಿತೋ ಅವರಿಗೆ ಉಡುಗೊರೆ. ಹಂದಿಮಾಂಸವೇ ಮುಖ್ಯ ಆಹಾರವಾದ ಆ ದೇಶದಲ್ಲಿ, ಶಾಕಾಹಾರಿಯಾದ ನನಗೆ ಆ ಪಾಯಸ ಅಮೃತಪ್ರಾಯವಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಸಂಗತಿಯನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಮೆಚ್ಚಿಯಾರು. ಶಾಲೆಗಳಲ್ಲಿ ಕ್ಷಯರೋಗ ನಿವಾರಣೆಗಾಗಿ ನಾವು ಮಾರುತ್ತಿದ್ದ ಟಿ.ಬಿ. ಚೀಟಿಗಳು ನೆನಪಿರಬಹುದು. ಭಾರತದಲ್ಲಿ ಆ ಚೀಟಿಯ ಆಂದೋಲನ 1950ರಲ್ಲಿ ಆರಂಭವಾಯಿತು. ಅದರ ಮೂಲ ಡೆನ್ಮಾರ್ಕಿನಲ್ಲಿದೆ. ಐನಾರ್ ಹೋಲ್‌ಬೋಲ್ ಎಂಬ ಅಂಚೆಯ ಉದ್ಯೋಗಿಯೊಬ್ಬರು, ಹಬ್ಬದ ಕಾಲದಲ್ಲಿ ರಾಶಿರಾಶಿಯಾಗಿ ಬರುವ ಕಾಗದಗಳ ಮೇಲೆ ಅಂಚೆಚೀಟಿಯ ಜೊತೆಗೆ ಇನ್ನೊಂದು ಅಗ್ಗದ ಚೀಟಿಯನ್ನು ಅಂಟಿಸಿದರೆ ಆ ಹಣದಿಂದ ಕ್ಷಯಪೀಡಿತ ಮಕ್ಕಳಿಗೆ ಚಿಕಿತ್ಸೆ ಕೊಡಬಹುದೆಂದು ಯೋಚಿಸಿದರು. 1904ರಲ್ಲಿ ಮೊದಲ ಚೀಟಿ ಹೊರಬಂದಿತು. ಕಾಗದ ವಿಂಗಡಿಸುವ ತನ್ನ ಕಾಯಕದಲ್ಲಿಯೇ ದಾಸೋಹದ ದಾರಿಯನ್ನು ಕಂಡುಕೊಂಡ ಆ ಮನುಷ್ಯನನ್ನು ಶರಣನೆಂದು ಕರೆಯಲು ನನಗೆ ಸಂಕೋಚವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡೆನ್ಮಾರ್ಕಿನ ಶಿಕ್ಷಣದಲ್ಲಿ ಜಗತ್ತಿಗೆ ಮಾದರಿಯಾದದ್ದು ಅವರ ವಿಶ್ವವಿದ್ಯಾನಿಲಯಗಳಿಗಿಂತ ಮಿಗಿಲಾಗಿ ಫೋಕ್ ಹೈಸ್ಕೂಲ್ ಎಂಬ ಸಂಸ್ಥೆ. ನಾವು ಅದನ್ನು ಜನತಾ ವಿದ್ಯಾಪೀಠವೆನ್ನಬಹುದು. ಪಾದ್ರಿಯೂ ಕವಿಯೂ ಇತಿಹಾಸಕಾರನೂ ಆಗಿದ್ದ ಗ್ರುಂಟ್‌ವಿಗ್ (1783–1872) ಎಂಬ ಮಹನೀಯ ಇದರ ಮೂಲಪುರುಷ. ಲ್ಯಾಟಿನ್ ಕಂಠಪಾಠವೇ ವಿದ್ಯೆಯೆನಿಸಿದ್ದ ಕಾಲದಲ್ಲಿ, ಸತ್ತ ಅಕ್ಷರವನ್ನು ಉರುಹಾಕಿಸುವ ಶಾಲೆ ಬೇಡ, ತಾಯ್ನುಡಿಯಲ್ಲಿ ಬಾಳನ್ನು ಕಲಿಸುವ ಶಾಲೆ ಬೇಕು ಎಂದು ಆತ ಸಾರಿದ. ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್ಜಿನ ಕಾಲೇಜಿನಲ್ಲಿ ಗುರುಶಿಷ್ಯರು ಒಂದೇ ಆವರಣದಲ್ಲಿ ವಾಸಿಸಿ, ಒಟ್ಟಿಗೆ ಉಣ್ಣುವುದನ್ನು ಕಂಡು ಆತ ಮಾರುಹೋದನು. ಶ್ರೀಮಂತರ ಮಕ್ಕಳಿಗೆ ಮೀಸಲಾಗಿದ್ದ ಆ ಸಹವಾಸ ರೈತರ ಮಕ್ಕಳಿಗೇಕೆ ದೊರೆಯಬಾರದು? ಈ ಚಿಂತನೆಯ ಫಲವಾಗಿ 1844ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ಶಾಲೆ ತೆರೆಯಿತು. ಕ್ರಿಸ್ಟನ್ ಕೋಲ್ಡ್ ಎಂಬ ಚಮ್ಮಾರನ ಮಗ 1851ರಲ್ಲಿ ರ‍್ಯುಸ್ಲಿಂಗೆಯಲ್ಲಿ ಇನ್ನೊಂದನ್ನು ಕಟ್ಟಿ, ತಾನೂ ಹಳ್ಳಿಯ ಹುಡುಗರೊಂದಿಗೇ ವಾಸಿಸಿ ಪಾಠ ಹೇಳಿದನು.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ತನ್ನ ದಕ್ಷಿಣದ ಪ್ರಾಂತಗಳನ್ನು ಕಳೆದುಕೊಂಡಿತು. ಅದರ ಹಿಂದೆಯೇ ಹೊರದೇಶಗಳ ಅಗ್ಗದ ಧಾನ್ಯ ಬಂದು ರೈತನ ಬೆನ್ನು ಮುರಿಯಿತು. ಸೋತ ಆ ಜನ ಎದ್ದುನಿಂತದ್ದು ಹೇಗೆ? ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದಾಗ ತರುಣರು, ಬೇಸಗೆಯಲ್ಲಿ ತರುಣಿಯರು ಈ ವಿದ್ಯಾಪೀಠಗಳಿಗೆ ಬಂದು ಕೆಲವು ತಿಂಗಳು ಒಟ್ಟಿಗೆ ಬಾಳಿದರು. ಹಾಡಿದರು, ಇತಿಹಾಸ ಕೇಳಿದರು, ಸಭೆ ನಡೆಸುವುದನ್ನು ಕಲಿತರು. ಪರೀಕ್ಷೆಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಹೀಗೆ ಪರಸ್ಪರ ನಂಬುವುದನ್ನು ಕಲಿತವರ ಪಾಲು ಅಲ್ಲಿನ ಸಹಕಾರ ಚಳವಳಿಯಲ್ಲಿ ದೊಡ್ಡದು. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಸಹಕಾರಿ ಬೆಣ್ಣೆ ಕಾರ್ಖಾನೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಂಥವು ದೇಶದ ತುಂಬ ಹಬ್ಬಿದವು. ಅಲ್ಲಿಯ ನಿಯಮ ಸ್ಮರಣಾರ್ಹ: ಮತ ತಲೆಗೊಂದು, ಹಸುವಿಗೊಂದಲ್ಲ. ಐವತ್ತು ಹಸುಗಳ ಒಡೆಯನಿಗೂ ಒಂದೇ ಮತ, ಎರಡು ಹಸುಗಳ ಬಡವನಿಗೂ ಒಂದೇ ಮತ.

ಇದು ನಮಗೆ ಸಂಬಂಧವಿಲ್ಲದ ಕಥೆಯಲ್ಲ. ಸ್ವಾತಂತ್ರ್ಯ ಬಂದ ಸುಮಾರಿಗೆ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯವರು ನಂಜನಗೂಡಿನಲ್ಲಿ ಹಳ್ಳಿಯ ತರುಣರಿಗಾಗಿ ತೆರೆದ ವಸತಿ ವಿದ್ಯಾಪೀಠಕ್ಕೆ ಈ ಡೇನಿಷ್ ಶಾಲೆಗಳೇ ಮಾದರಿಯಾಗಿದ್ದವು. ನಮ್ಮ ನೆರೆಯ ಹೆಸರಘಟ್ಟದಲ್ಲಿ 1960ರ ದಶಕದ ಕೊನೆಯಲ್ಲಿ ಪಶುತಳಿ ಸಂವರ್ಧನೆಯ ಕೇಂದ್ರ ಸ್ಥಾಪಿತವಾದದ್ದು ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ. ಇಂದು ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿಯೂ ಸದಸ್ಯನಿಗೊಂದೇ ಮತ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದ ಮೇಲೆ ಶಾಲೆಗಳಲ್ಲಿ ಮಕ್ಕಳು ಕುಡಿಯುವ ಹಾಲು ಈ ಸಂಘಗಳಿಂದ ಬಂದದ್ದು.

ಹೈನುಗಾರಿಕೆಯ ಶಾಸ್ತ್ರವನ್ನೇ ಓದಲು ಹೋಗಿದ್ದ ನನಗೆ, ಎರಡನೆಯ ವರ್ಷದ ಬೇಸಗೆಯಲ್ಲಿ, ಇಂಥದೊಂದು ವಿದ್ಯಾಪೀಠದಲ್ಲಿ ಮೂರು ವಾರ ಇರುವ ಅವಕಾಶ ದೊರೆಯಿತು. ಇಂದಿಗೂ ಅವು ಎಪ್ಪತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಡೆಯುತ್ತಿವೆ, ಇಂದಿಗೂ ಪರೀಕ್ಷೆಯಿಲ್ಲ. ಬೆಳಿಗ್ಗೆ ಎಲ್ಲರೂ ಸಭಾಂಗಣದಲ್ಲಿ ಸೇರಿ ಹಾಡುವುದು ದಿನದ ಮೊದಲ ಕೆಲಸ. 1894ರಲ್ಲಿ ಮೊದಲು ಅಚ್ಚಾದ ಅವರ ಹಾಡಿನ ಪುಸ್ತಕ 2020ರಲ್ಲಿ ಹೊಸ ಆವೃತ್ತಿಯನ್ನು ಕಂಡಿದೆ. ಕಂಠ ಚೆನ್ನಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಎರಡನೆಯ ದಿನ ಗೋಡೆಯ ಮೇಲೆ ಒಂದು ಪಟ್ಟಿ ಕಂಡಿತು. ಅದರಲ್ಲಿ ನನ್ನ ಹೆಸರಿತ್ತು. ಎದುರಿಗೆ “ಪಾತ್ರೆ” ಎಂದು ಬರೆದಿತ್ತು.

ಸಂಜೆ ನಾನು ಅಡಿಗೆಮನೆಗೆ ಹೋದಾಗ ಬಿಸಿನೀರಿನ ತೊಟ್ಟಿಯ ಬಳಿ ಇನ್ನೂ ನಾಲ್ವರಿದ್ದರು. ಒಬ್ಬಾಕೆ ವಕೀಲರ ಮಗಳು; ಇನ್ನೊಬ್ಬ ಬಡಗಿ; ಮತ್ತೊಬ್ಬ ಜಪಾನಿನ ವಿದ್ಯಾರ್ಥಿ; ನಾಲ್ಕನೆಯವರು ಅಂದು ಬೆಳಿಗ್ಗೆ ನಮಗೆ ಇತಿಹಾಸದ ಉಪನ್ಯಾಸ ಕೊಟ್ಟ ಅಧ್ಯಾಪಕರು, ತೋಳು ಮಡಿಸಿಕೊಂಡು ಕೊಪ್ಪರಿಗೆ ತಿಕ್ಕುತ್ತಿದ್ದರು. ನಾನು ಮಾತಿಲ್ಲದೆ ಬಟ್ಟೆಯನ್ನೆತ್ತಿಕೊಂಡು ತಟ್ಟೆಗಳನ್ನು ಒರೆಸಿ ಜೋಡಿಸತೊಡಗಿದೆ: ಮೊದಲು ದೊಡ್ಡವು, ಮೇಲೆ ಚಿಕ್ಕವು, ಇಪ್ಪತ್ತಕ್ಕೊಂದು ಸಾಲು. ನನ್ನ ಕೈಯ ವೇಗವನ್ನು ನೋಡಿ ಅಧ್ಯಾಪಕರು, “ಇದನ್ನು ಎಲ್ಲಿ ಕಲಿತೆ?” ಎಂದು ಕೇಳಿದರು. “ನನ್ನ ಶಾಲೆಯಲ್ಲಿ” ಎಂದೆ. ಎರಡು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ಆ ದೇಶದಲ್ಲಿ ನನಗೆ ಪರಕೀಯನೆಂಬ ಭಾವನೆ ಇಲ್ಲವಾಯಿತು. ಅಂದು ರಾತ್ರಿ ಕೋಣೆಗೆ ಹೋಗಿ, ಸಾರಿನ ಬಕೆಟ್ಟಿನ ಬಿಸಿಗೆ ಸುಟ್ಟ ನನ್ನ ಕಾಲಿನ ಹಳೆಯ ಕಲೆಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ.

ಆ ಅಧ್ಯಾಪಕರಿಗೆ ನಾನು ನಮ್ಮ ಪ್ರಸಾದನಿಲಯದ ವಿಚಾರ ವಿವರಿಸಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ, 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಬಗ್ಗೆ ಹೇಳಿದೆ. “ಊಟಕ್ಕೆ ಎಷ್ಟು ಶುಲ್ಕ?” ಎಂದು ಅವರು ಕೇಳಿದರು. “ಇಲ್ಲ” ಎಂದೆ. ಅವರು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು. ಅವರ ವಿದ್ಯಾಪೀಠಕ್ಕೆ ಸರ್ಕಾರದ ನೆರವಿದ್ದರೂ ವಿದ್ಯಾರ್ಥಿ ತನ್ನ ಪಾಲಿನ ಹಣ ತೆರಬೇಕು. ಸಂಪದ್ಭರಿತವಾದ ಆ ದೇಶಕ್ಕೆ ನಮ್ಮಿಂದ ಕಲಿಯತಕ್ಕದ್ದೇನಾದರೂ ಉಂಟೆಂದರೆ ಅದು ಈ ದಾಸೋಹ. ರೈತನ ಒಂದು ಮೂಟೆ ರಾಗಿ, ವ್ಯಾಪಾರಿಯ ಒಂದು ಚೀಲ ಬೇಳೆ ಸೇರಿ ಅಪರಿಚಿತನ ಮಗನ ಹೊಟ್ಟೆ ತುಂಬುವ ಈ ವ್ಯವಸ್ಥೆಯನ್ನು ಯಾವ ಕಾನೂನೂ ನಿರ್ಮಿಸಿಲ್ಲ.

ಆದರೆ ಉಚಿತವಾದ ಅನ್ನದಲ್ಲಿ ಒಂದು ಅಪಾಯವೂ ಉಂಟು. ಉಂಡು ಎದ್ದುಹೋಗುವವನಿಗೆ ಅದು ದಾನವಾಗಿ ತೋರುತ್ತದೆ; ದಾನ ಪಡೆದವನ ಮನಸ್ಸು ಕುಗ್ಗುತ್ತದೆ, ಇಲ್ಲವೇ ಕೃತಘ್ನವಾಗುತ್ತದೆ. ಶರಣರು ಇದನ್ನು ಚೆನ್ನಾಗಿ ಅರಿತಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಕಳಿಸಿದವಳು ಅವನ ಪತ್ನಿ ಲಕ್ಕಮ್ಮ. ದುಡಿಯದೆ ಬಂದ ಅಕ್ಕಿ ಆ ಬಡವರ ಮನೆಗೂ ಬೇಡವಾಗಿತ್ತು. ನಮ್ಮ ನಿಲಯದ ಸರದಿ ಈ ತತ್ತ್ವದ ಮೇಲೆಯೇ ನಿಂತಿದೆ. ಎಂಟು ದಿನಕ್ಕೊಮ್ಮೆ ಬಡಿಸುವ ಹುಡುಗ ಉಳಿದ ಏಳು ದಿನ ತಲೆಯೆತ್ತಿ ಉಣ್ಣುತ್ತಾನೆ. ಸರದಿಯನ್ನು ತೆಗೆದುಹಾಕಿದರೆ ಅವನ ತಟ್ಟೆಯಲ್ಲಿ ಉಳಿಯುವುದು ಬರಿಯ ದಾನ.

ಇದಕ್ಕೆ ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ. “ಡೇನರ ಮಕ್ಕಳಿಗೆ ಪರೀಕ್ಷೆಯಲ್ಲಿ ಕಡಿಮೆಯಾದರೂ ಸರ್ಕಾರ ಕೈಹಿಡಿಯುತ್ತದೆ. ನಮ್ಮ ಹುಡುಗನಿಗೆ ಅಂಕ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಅರ್ಧ ಅಂಕಕ್ಕೆ ಸೀಟು ತಪ್ಪುವ ಕಾಲದಲ್ಲಿ ಕಾಯಕದ ಮಾತು ಯಾರಿಗೆ ಬೇಕು?” ಈ ಆಕ್ಷೇಪಣೆ ಸತ್ಯದೂರವಲ್ಲ. ಅಂಕಗಳೇ ನನ್ನನ್ನೂ ಹಳ್ಳಿಯಿಂದ ಹೊರಗೆ ತಂದವು. ಅವನ್ನು ತುಚ್ಛೀಕರಿಸುವ ಅಧಿಕಾರ ನನಗಿಲ್ಲ. ಆದರೆ ಎಂಟು ದಿನಕ್ಕೊಮ್ಮೆ ಒಂದೆರಡು ಗಂಟೆಯ ಕೆಲಸದಿಂದ ಯಾವ ಹುಡುಗನ ಭವಿಷ್ಯವೂ ಕೆಡುವುದಿಲ್ಲ; ಅದಕ್ಕಿಂತ ಹೆಚ್ಚಿನ ಹೊತ್ತು ಕೈಯಲ್ಲಿನ ಮೊಬೈಲಿಗೆ ಸಲ್ಲುತ್ತಿರುವುದನ್ನು ಎಲ್ಲ ಪೋಷಕರೂ ಬಲ್ಲರು. ಮಿಗಿಲಾಗಿ, ಹತ್ತನೆಯ ತರಗತಿಯವರಿಗೆ ವಿನಾಯಿತಿ ಕೊಟ್ಟರೆ ಐದನೆಯ ತರಗತಿಯ ಹುಡುಗ ಕಲಿಯುವ ಪಾಠವೇನು? ದೊಡ್ಡವನಾದವನು ಕೆಲಸ ಮಾಡಬೇಕಾಗಿಲ್ಲ, ಓದಿದವನು ಪಾತ್ರೆ ಮುಟ್ಟಬೇಕಾಗಿಲ್ಲ ಎಂಬ ಪಾಠ! ಕಲ್ಯಾಣದ ಶರಣರು ಯಾವ ಮೇಲುಕೀಳನ್ನು ಅಳಿಸಲು ಹೊರಟಿದ್ದರೋ ಅದನ್ನು ನಾವು ವೇಳಾಪಟ್ಟಿಯ ಮೂಲಕ ಮತ್ತೆ ಒಳಗೆ ತಂದಂತಾಗುತ್ತದೆ.

ಲೆಕ್ಕಾಚಾರಕ್ಕೆ ಸಂಪ್ರದಾಯವನ್ನು ಬಲಿಕೊಡುವ ಯೋಚನೆ ನಮ್ಮಲ್ಲಿ ಮಾತ್ರವೇ ಇಲ್ಲ. ಡೆನ್ಮಾರ್ಕಿನಲ್ಲಿ 1686ರಿಂದ ನಡೆದುಬಂದ ‘ಮಹಾಪ್ರಾರ್ಥನಾ ದಿನ’ ಎಂಬ ರಜೆಯನ್ನು ಅಲ್ಲಿನ ಸರ್ಕಾರ 2024ರಿಂದ ರದ್ದುಗೊಳಿಸಿತು. ದೇಶಕ್ಕೆ ಒಂದು ದಿನದ ದುಡಿಮೆ ಹೆಚ್ಚು ಸಿಕ್ಕಿದರೆ ಬೊಕ್ಕಸಕ್ಕೆ ಲಾಭವೆಂಬುದು ಸರ್ಕಾರದ ವಾದ. 2023ರಲ್ಲಿ ಸಹಸ್ರಾರು ಜನರು ಸಂಸತ್ ಭವನದ ಎದುರು ಸೇರಿ ಪ್ರತಿಭಟಿಸಿದರೂ ಕಾನೂನು ಜಾರಿಗೆ ಬಂದಿತು. ಆ ದಿನ ಚರ್ಚಿಗೆ ಹೋಗದವರೂ, ಮುನ್ನಾದಿನದ ಸಂಜೆ ಬಿಸಿಯಾದ ಗೋಧಿಯ ಬನ್ನುಗಳನ್ನು ಒಟ್ಟಿಗೆ ಕುಳಿತು ತಿನ್ನುವ ಅಭ್ಯಾಸವುಳ್ಳವರು. ಗಂಟೆಗಳ ಲೆಕ್ಕದಲ್ಲಿ ಲಾಭ ಕಾಣುತ್ತದೆ; ಕಳೆದುಹೋದದ್ದನ್ನು ತೋರಿಸುವ ಅಂಕಣ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

ಆದುದರಿಂದ ಆಡಳಿತ ಮಂಡಲಿಯವರಲ್ಲಿಯೂ ಪೋಷಕ ಬಂಧುಗಳಲ್ಲಿಯೂ ನನ್ನ ವಿಜ್ಞಾಪನೆ ಇದು. ಮೊದಲನೆಯದಾಗಿ, ಸರದಿ ಎಲ್ಲ ತರಗತಿಗಳಿಗೂ ಸಮನಾಗಿ ಉಳಿಯಲಿ. ವಾರ್ಷಿಕ ಪರೀಕ್ಷೆ ನಡೆಯುವ ದಿನಗಳಲ್ಲಿ ಮಾತ್ರ ಪರೀಕ್ಷೆ ಬರೆಯುವವರಿಗೆ ಬಿಡುವು ದೊರೆಯಲಿ. ಎರಡನೆಯದಾಗಿ, ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಈ ಸರದಿಯಲ್ಲಿ ಸೇರಲಿ. ಗುರುಗಳು ಕೊಪ್ಪರಿಗೆ ತಿಕ್ಕುವುದನ್ನು ಕಂಡ ಹುಡುಗನಿಗೆ ಕಾಯಕವನ್ನು ಕುರಿತು ಬೇರೆ ಉಪನ್ಯಾಸ ಬೇಡ. ಇಂದು ನಾವು ಮಕ್ಕಳಿಂದ ಮಾತ್ರ ಕೆಲಸ ಮಾಡಿಸುತ್ತಿರುವುದೇ ಪೋಷಕರ ಅಸಮಾಧಾನಕ್ಕೆ ಕಾರಣವಾಗಿರಬಹುದೆಂದು ನಾನು ವಿನಯಪೂರ್ವಕವಾಗಿ ಶಂಕಿಸುತ್ತೇನೆ. ಮಕ್ಕಳ ಸರದಿ ಅಡಿಗೆಯವರ ಸಂಬಳವನ್ನು ಉಳಿಸುವ ಉಪಾಯವಾಗಕೂಡದು. ಮೂರನೆಯದಾಗಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಫಲಿತಾಂಶಕ್ಕಾಗಿ ಕಾಯುವ ಬೇಸಗೆಯಲ್ಲಿ, ಇಚ್ಛೆಯುಳ್ಳ ವಿದ್ಯಾರ್ಥಿಗಳಿಗೆ ಒಂದು ತಿಂಗಳ ಪರೀಕ್ಷಾರಹಿತ ಶಿಬಿರವನ್ನು ನಡೆಸಬಹುದು. ವಚನಗಾಯನ, ಅಡಿಗೆ, ಹಸುವಿನ ಆರೈಕೆ, ಸಹಕಾರ ಸಂಘದ ಲೆಕ್ಕಪತ್ರ, ಸಭೆಯಲ್ಲಿ ಅಂಜದೆ ಮಾತನಾಡುವುದು ಇವೇ ಅಲ್ಲಿಯ ಪಾಠಗಳಾಗಲಿ. ನಂಜನಗೂಡಿನಲ್ಲಿ ಒಮ್ಮೆ ಹೊತ್ತಿಸಿದ ದೀಪವನ್ನು ಕೆಂಗೇರಿಯ ಕಡೆಯ ಯಾವುದಾದರೊಂದು ತೋಟದಲ್ಲಿ ಮತ್ತೆ ಹೊತ್ತಿಸಲು ಹೆಚ್ಚಿನ ಹಣವೇನೂ ಬೇಡ.

ವಿದೇಶಕ್ಕೆ ಹೋಗಬಯಸುವ ತಮ್ಮತಂಗಿಯರಿಗೆ ಒಂದು ಮಾತು. ಹೋಗಿರಿ, ಸಾಲದ ಲೆಕ್ಕವನ್ನು ನಾಲ್ಕು ಬಾರಿ ಹಾಕಿ, ಆ ದೇಶದ ನಿಯಮಗಳನ್ನು ಸ್ವತಃ ಓದಿ ತಿಳಿದು, ಹೋಗಿರಿ. ಅಲ್ಲಿ ಯಾರೂ ನಿಮ್ಮನ್ನು ವಿಶೇಷ ವ್ಯಕ್ತಿಯೆಂದು ಎಣಿಸುವುದಿಲ್ಲ; ತಾನು ಇತರರಿಗಿಂತ ಮೇಲೆಂದು ಭಾವಿಸಬಾರದೆಂಬುದು ಡೇನರ ಅಲಿಖಿತ ಶಾಸನ. ಎಲ್ಲರಿಗಿಂತ ಕಿರಿಯನಾಗಿ ಬಾಳುವುದನ್ನು ಕಲಿಸಿದ ಪರಂಪರೆಯಿಂದ ಹೋದವರಿಗೆ ಅದು ಹೊಸದಾಗಿ ತೋರಬಾರದು. ಹೊರಡುವ ಮುನ್ನ ಒಂದು ತಿಂಗಳು ಅಮ್ಮನ ಅಡಿಗೆಮನ��ಯಲ್ಲಿ ನಿಲ್ಲಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಯೂರೋಪಿನಲ್ಲಿಯೂ ಸತ್ಯ.

ಸಭೆಯಲ್ಲಿ ಮಾತನಾಡಿದ ಆ ತಾಯಿಯವರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಹೇಳುತ್ತೇನೆ: ಅಮ್ಮ, ನಿಮ್ಮ ಮಗ ಇಲ್ಲಿಗೆ ಪಾತ್ರೆ ತಿಕ್ಕಲಿಕ್ಕೆ ಬಂದಿಲ್ಲ, ನಿಜ. ಆದರೆ ಒಂದು ದಿನ ಅವನು ನಿಮ್ಮಿಂದ ಬಹುದೂರ ಹೋದಾಗ, ಗುರುತಿಲ್ಲದ ಜನರ ನಡುವೆ ಅವನಿಗೆ ಒಂದು ಸ್ಥಾನವನ್ನು ಗಳಿಸಿಕೊಡುವುದು ಈ ಸರದಿಯಲ್ಲಿ ಅವನು ಕಲಿತದ್ದೇ ಆಗಬಹುದು. ನನಗೆ ಹಾಗಾಯಿತು.

ಈ ವರ್ಷ ನಿಲಯದ ಸರದಿಯ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಬೇಕೆಂದು ನಿಲಯಪಾಲಕರನ್ನು ಪ್ರಾರ್ಥಿಸುತ್ತೇನೆ.